ನೀರಿನ ಜಮಾಖರ್ಚು

(ಪುಣೆಯ ನಮ್ಮ ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ನೀರಿನ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯಕಾರಿ ಮಂಡಳಿಯವರು ನಮಗೆ ಹೇಳಿದ್ದಾರೆ. ನಾವು ಇಂಜಿನಿಯರರಲ್ಲ, ಭೂಗರ್ಭಶಾಸ್ತ್ರ ಓದಿದವರೂ ಅಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯ ಕಚೇರಿಯಲ್ಲಿ ಕಾರಕೂನಿಕೆಗೆ ಕುಳಿತವರು. ನಮಗೆ ಬರುವ ವಿದ್ಯೆ ಒಂದೇ: ಜಮೆಯನ್ನು ಜಮೆಯ ಬದಿಗೆ ಬರೆಯುವದು, ಖರ್ಚನ್ನು ಖರ್ಚಿನ ಬದಿಗೆ ಬರೆಯುವದು, ಸಂಜೆಗೆ ಶಿಲ್ಕು ತಾಳೆಯಾಯಿತೇ ಎಂದು ನೋಡುವದು. ನೀರಿನ ಬಗೆಗೂ ಅದೇ ವಿದ್ಯೆಯಿಂದಲೇ ಮಾತಾಡುತ್ತೇವೆ. ತಿಳಿದವರು ತಿದ್ದಬೇಕು.

ಈ ವಿಷಯ ಏಕೆ ಬಂದಿತೆಂಬುದನ್ನು ಮೊದಲು ಹೇಳಿಬಿಡುವದು ಒಳ್ಳೆಯದು. ನಮ್ಮ ಸಹಾಯನಿಧಿಗೆ ಬರುವ ಅರ್ಜಿಗಳನ್ನು ಪುಸ್ತಕದಲ್ಲಿ ಏರಿಸುವ ಕೆಲಸ ನಮ್ಮದು. 'ಹಣ ಯಾತಕ್ಕೆ ಬೇಕು' ಎಂಬ ಕಲಮಿನಲ್ಲಿ ಹೆಚ್ಚಾಗಿ ಬರುವದು ಮದುವೆ, ಆಮೇಲೆ ಆಸ್ಪತ್ರೆ, ಮೂರನೆಯದು ಬೋರು. ವಿಜಯಪುರ, ಬಾಗಲಕೋಟೆ, ಕಲಬುರ್ಗಿ, ಗದಗ, ಕೊಪ್ಪಳ ಈ ಕಡೆಯಿಂದ ಬಂದವರೇ ಇಲ್ಲಿ ಬಹಳ ಮಂದಿ ಇದ್ದೇವೆ. ಊರಿನಿಂದ ಬರುವ ಫೋನು ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. "ಅಣ್ಣಾ, ಬಾಜೂ ಹೊಲದವರಿಗೆ ಎರಡು ಇಂಚು ನೀರು ಬಿದ್ದೈತಿ. ನಮ್ಮ ಬೋರು ಬತ್ತೈತಿ. ಇನ್ನೊಂದು ಹೊಡಸೋಣು, ರೊಕ್ಕ ಕಳಸು." ಅಣ್ಣ ಇಲ್ಲಿ ಎರಡು ಪಾಳಿ ದುಡಿದು, ಚಾಳಿನ ಖೋಲಿಯಲ್ಲಿ ಆರು ಜನರ ಕೂಡ ಮಲಗಿ ಉಳಿಸಿದ ರೊಕ್ಕ ಒಂದೇ ರಾತ್ರಿಯಲ್ಲಿ ಆರುನೂರು ಫೂಟು ಕೆಳಗಿಳಿಯುತ್ತದೆ. ಮುಂಜಾನೆ ಬರಿ ಕಲ್ಲುಪುಡಿ ಮೇಲೆ ಬರುತ್ತದೆ. ಇಲ್ಲವೆ ನೀರು ಬೀಳುತ್ತದೆ, ಎರಡು ಬೇಸಿಗೆ ನಿಲ್ಲುತ್ತದೆ, ಮೂರನೆಯ ಬೇಸಿಗೆಗೆ ಮತ್ತೆ ಫೋನು ಬರುತ್ತದೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದ ತುಂಬ ತಿರುಗಿ ಜಾಗ ತೋರಿಸುವವರಿಗೆ ಮಾತ್ರ ಬರಗಾಲವೆಂಬುದಿಲ್ಲ. ಅವರ ಕಾಯಿ ಎಲ್ಲಿಯೋ ಒಂದು ಕಡೆ ಎದ್ದು ನಿಂತೇ ನಿಲ್ಲುತ್ತದೆ.

ಈ ರೊಕ್ಕ ಕಳಿಸಬೇಡಿರೆಂದು ನಾವು ಹೇಳುವದಿಲ್ಲ. ಹಾಗೆ ಹೇಳಲು ನಾವು ಯಾರು? ತಮ್ಮನ ಹೊಲ ಒಣಗುವಾಗ ಅಣ್ಣನಾದವನು ಸುಮ್ಮನೆ ಕೂಡಲಾರ. ಆದರೆ ಬ್ಯಾಂಕಿನ ಖಾತೆಯಲ್ಲಿ ಹಣ ಎಷ್ಟಿದೆ ಎಂದು ನೋಡದೆ ಚೆಕ್ಕು ಬರೆಯುವವನನ್ನು ನಾವು ಬುದ್ಧಿವಂತನೆನ್ನುವದಿಲ್ಲ. ಬೋರು ಹೊಡೆಸುವದೆಂದರೆ ಖಾತೆಗೆ ಹಣ ತುಂಬಿದಂತಲ್ಲ, ಇನ್ನೊಂದು ಚೆಕ್ಕು ಪುಸ್ತಕ ತೆಗೆಸಿದಂತೆ. ಖಾತೆ ಇಡೀ ಊರಿಗೆ ಒಂದೇ. ಚೆಕ್ಕು ಪುಸ್ತಕ ಮಾತ್ರ ಮನೆಗೊಂದು.

ಆ ಖಾತೆ ಎಷ್ಟು ದೊಡ್ಡದು? ಇಲ್ಲಿಯೇ ನಮ್ಮ ಜನರಲ್ಲಿ ದೊಡ್ಡ ತಪ್ಪು ತಿಳುವಳಿಕೆ ಇದೆ. ಭೂಮಿಯ ಕೆಳಗೆ ನದಿ ಹರಿಯುತ್ತದೆ, ಆಳಕ್ಕೆ ಹೋದರೆ ಸಿಕ್ಕೇ ಸಿಗುತ್ತದೆ ಎಂದು ಅನೇಕರು ನಂಬಿದ್ದಾರೆ. ಗಂಗಾನದಿಯ ಬಯಲಿನಲ್ಲಿ ನೂರಾರು ಮೀಟರು ಮರಳು, ರೇವೆ ಇದೆ. ಅಲ್ಲಿ ಭೂಮಿ ನೀರು ಕುಡಿದ ಅರಳೆಯ ಹಾಗೆ. ನಮ್ಮ ದಖ್ಖನ ಹಾಗಲ್ಲ. ಪುಣೆಯಿಂದ ವಿಜಯಪುರದವರೆಗೆ ಕೆಳಗಿರುವದು ಲಾವಾರಸ ಆರಿ ಪದರು ಪದರಾಗಿ ಗಟ್ಟಿಯಾದ ಕರಿಕಲ್ಲು. ಅದರಿಂದ ತೆಂಕಣಕ್ಕೆ ಹೋದರೆ ಇನ್ನೂ ಹಳೆಯ ಗಟ್ಟಿ ಬಂಡೆ. ಮೇಲಿನ ಕೆಲವು ಮೀಟರು ಮೊರಡು, ಒಡೆದ ಕಲ್ಲು, ಇಷ್ಟರಲ್ಲಿಯೇ ನೀರು ನಿಲ್ಲುವ ಸಂದು ಹೆಚ್ಚು. ಅದರ ಕೆಳಗೆ ಅಲ್ಲೊಂದು ಇಲ್ಲೊಂದು ಬಿರುಕು. ಇಂಥ ನೆಲದಲ್ಲಿ ನೂರು ಗಾಡಿ ಕಲ್ಲಿಗೆ ಎರಡು ಗಾಡಿ, ಬಹಳವೆಂದರೆ ಮೂರು ಗಾಡಿ ನೀರು ನಾವು ಎತ್ತಿಕೊಳ್ಳುವಂತೆ ಇರುತ್ತದೆ.

ಇದರಿಂದ ಒಂದು ಲಾಭ, ಒಂದು ಹಾನಿ. ನೂರಕ್ಕೆ ಎರಡು ಎಂದು ಹಿಡಿದರೆ, ಬರೀ 20 ಮಿಲಿಮೀಟರು ಮಳೆನೀರು ಒಳಗೆ ಇಂಗಿದರೂ ಬಾವಿಯ ಮಟ್ಟ ಒಂದು ಮೀಟರು ಏರುತ್ತದೆ. ಸಣ್ಣ ಚೀಲ, ಬೇಗ ತುಂಬುತ್ತದೆ. ಹಾಗೆಯೇ ಬೇಗ ಬರಿದಾಗುತ್ತದೆ. ಆರುನೂರು ಫೂಟಿನ ಬಿರುಕಿನಲ್ಲಿ ಸಿಕ್ಕ ನೀರು ಬಹಳ ಸಲ ಹೊಸ ನೀರಲ್ಲ. ಬಾಜೂ ಹೊಲದ ಕೆಳಗಿನ ನೀರು, ಇಲ್ಲವೆ ಎಷ್ಟೋ ವರ್ಷಗಳಿಂದ ಮುಟ್ಟದೆ ಇಟ್ಟಿದ್ದ ಹಿರಿಯರ ಠೇವಣಿ. ಆಳದ ನೀರಿಗೆ ಬೇರೆ ಕಾಟವೂ ಉಂಟು. ಗದಗ ಜಿಲ್ಲೆಯ ಮುಂಡರಗಿಯ ಕಡೆಯವರು ಇಲ್ಲಿದ್ದರೆ ಅವರಿಗೆ ಹೇಳಬೇಕಾಗಿಲ್ಲ. ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಮಕ್ಕಳ ಹಲ್ಲು ಕಂದು ಹಿಡಿಯುತ್ತವೆ. ಬಹಳ ವರ್ಷ ಬಹಳವಾಗಿ ಕುಡಿದರೆ ಎಲುಬು ಬಿರುಸಾಗಿ ಬಗ್ಗದಂತಾಗುತ್ತದೆ. ಕುದಿಸಿದರೆ ಅದು ಹೋಗುವದಿಲ್ಲ.

ಈಗ ಕಿರ್ದಿ ತೆಗೆಯೋಣ. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಹತ್ತು ಸಾವಿರ ಲೀಟರು. ಇಷ್ಟೊಂದು ನೆನಪಿಟ್ಟರೆ ಸಾಕು, ಉಳಿದದ್ದು ಗುಣಾಕಾರ. ಒಂದು ಸಾವಿರ ಹೆಕ್ಟೇರಿನ ಒಂದು ಹಳ್ಳಿ ಎಂದು ಹಿಡಿಯಿರಿ, ಅಂದರೆ ಹತ್ತಿರ ಹತ್ತಿರ ಎರಡೂವರೆ ಸಾವಿರ ಎಕರೆ. ಮಳೆ ವರ್ಷಕ್ಕೆ 400 ಮಿಲಿಮೀಟರು. ಆಗ ಊರಿನ ಒಟ್ಟು ಜಮೆ 400 ಕೋಟಿ ಲೀಟರು. ಎಷ್ಟು ದೊಡ್ಡ ಅಂಕಿ ಎಂದು ಹಿಗ್ಗಬೇಡಿರಿ. ಇದರಲ್ಲಿ ಬಹುಪಾಲು ಬಿಸಿಲಿಗೆ ಆರುತ್ತದೆ, ಮಣ್ಣಿನ ಹಸಿಯಾಗಿ ಬೆಳೆಗೆ ಹುಲ್ಲಿಗೆ ಹೋಗುತ್ತದೆ, ಒಂದಿಷ್ಟು ಹಳ್ಳ ಹಿಡಿದು ಊರು ಬಿಡುತ್ತದೆ. ಕೆಳಗಿಳಿದು ಬಾವಿಯ ಖಾತೆಗೆ ಸೇರುವದು ನಮ್ಮ ಇಂಥ ಬಂಡೆಯ ನೆಲದಲ್ಲಿ ನೂರಕ್ಕೆ ಹತ್ತರ ಆಸುಪಾಸು. ಅಂದರೆ 40 ಕೋಟಿ ಲೀಟರು. ಮೊದಲು ಹೇಳಿದ ಲೆಕ್ಕದಂತೆ ಬಾವಿಗಳು ಎರಡು ಮೀಟರು ಏರುತ್ತವೆ.

ಖರ್ಚಿನ ಬದಿ ನೋಡೋಣ. ಊರಿನಲ್ಲಿ 1,250 ಜನ. ಹಳ್ಳಿಯ ಮನೆಗೆ ತಲೆಗೆ ದಿನಕ್ಕೆ 55 ಲೀಟರೆಂದು ಸರಕಾರದ ಜಲಜೀವನ ಯೋಜನೆ ಅಳತೆ ಇಟ್ಟಿದೆ. ವರ್ಷಕ್ಕೆ ಎರಡೂವರೆ ಕೋಟಿ ಲೀಟರಾಯಿತು. ಸಾವಿರ ದನಗಳಿಗೆ ದಿನಕ್ಕೆ ಐವತ್ತು ಲೀಟರಿನಂತೆ ಇನ್ನೂ 1 ಕೋಟಿ 80 ಲಕ್ಷ. ಇಷ್ಟು ತೆಗೆದ ಮೇಲೆ ಬೇಸಾಯಕ್ಕೆ ಸುಮಾರು 35 ಕೋಟಿ ಲೀಟರು ಉಳಿಯಿತು. ಇದನ್ನು ಹೇಗೆ ಖರ್ಚು ಮಾಡುವದು ಎಂಬಲ್ಲಿಯೇ ಊರು ಉಳಿಯುವ ಇಲ್ಲವೆ ಮುಳುಗುವ ಪ್ರಶ್ನೆ.

ಕಬ್ಬಿಗೆ ಒಂದು ಬೆಳೆಗೆ 1,500ರಿಂದ 2,500 ಮಿಲಿಮೀಟರು ನೀರು ಬೇಕು. ನಡುವಿನ 2,000 ಹಿಡಿದು, ಮಳೆಯ 400 ಕಳೆದರೆ, 1,600 ಮಿಲಿಮೀಟರು ಬಾವಿಯಿಂದ ಬರಬೇಕು. ಎಕರೆಗೆ 65 ಲಕ್ಷ ಲೀಟರು. ನಾಲ್ಕು ಎಕರೆ ಕಬ್ಬು ಇಡೀ ಊರಿನ ವರ್ಷದ ಮನೆಬಳಕೆಯ ನೀರಿಗೆ ಸಮನಾಯಿತು. ಐವತ್ತನಾಲ್ಕು ಎಕರೆ ಕಬ್ಬು ಹಚ್ಚಿದರೆ ಎರಡೂವರೆ ಸಾವಿರ ಎಕರೆಯ ಊರಿನ ಖಾತೆ ಪೂರ್ತಿ ಬರಿದು. ಅದೇ 35 ಕೋಟಿ ಲೀಟರನ್ನು ಹಿಂಗಾರಿ ಬಿಳಿಜೋಳಕ್ಕೆ ಐವತ್ತು ಐವತ್ತು ಮಿಲಿಮೀಟರಿನಂತೆ ಎರಡು ಸಲ ಕೊಟ್ಟರೆ, ಎಕರೆಗೆ ನಾಲ್ಕು ಲಕ್ಷ ಲೀಟರಾಗಿ, ಎಂಟುನೂರ ಅರವತ್ತು ಎಕರೆಗೆ ಸಾಲುತ್ತದೆ. ಒಂದು ಕಡೆ ಹತ್ತು ಹದಿನೈದು ಮನೆ. ಇನ್ನೊಂದು ಕಡೆ ಇಡೀ ಊರು. ಇದು ಸ್ಥೂಲ ಲೆಕ್ಕ. ಕಟ್ಟಿದ ನೀರಿನಲ್ಲಿ ಕೊಂಚ ಮತ್ತೆ ಇಂಗುತ್ತದೆ, ಒಂದೂರಿನ ನೆಲ ಇನ್ನೊಂದರಂತಿಲ್ಲ. ಆದರೂ ಐವತ್ತನಾಲ್ಕಕ್ಕೂ ಎಂಟುನೂರ ಅರವತ್ತಕ್ಕೂ ಇರುವ ಅಂತರವನ್ನು ಯಾವ ಸೂಕ್ಷ್ಮ ಲೆಕ್ಕವೂ ಅಳಿಸಲಾರದು. ಕಬ್ಬಿಗೆ ಕಾರಖಾನೆಯ ಬೆಲೆ ಖಾತ್ರಿಯಾಗಿದೆ, ಜೋಳಕ್ಕಿಲ್ಲ ಎಂದು ಯಾರಾದರೂ ಎದ್ದು ಹೇಳಿದರೆ ಅವರ ಮಾತು ನಿಜ. ರೈತನನ್ನು ಬೈದು ಫಲವಿಲ್ಲ. ಹಣದ ಲೆಕ್ಕ ಅವನನ್ನು ಒಂದು ಕಡೆ ಎಳೆಯುತ್ತದೆ, ನೀರಿನ ಲೆಕ್ಕ ಇನ್ನೊಂದು ಕಡೆ.

ಖಾತೆ ಬರಿದಾದರೆ ಏನಾಗುತ್ತದೆಂಬುದನ್ನು ನಾವೆಲ್ಲ 2016ರಲ್ಲಿ ಕಂಡೆವು. ಮಾಂಜರಾ ಧರಣ ಒಣಗಿತು. ಲಾತೂರು ಪಟ್ಟಣಕ್ಕೆ ಆ ವರ್ಷದ ಏಪ್ರಿಲಿನಲ್ಲಿ ಮಿರಜದಿಂದ ರೈಲಿನಲ್ಲಿ ನೀರು ಹೋಯಿತು. ನಮ್ಮಲ್ಲಿ ಎಷ್ಟೋ ಜನ ಊರಿಗೆ ಹೋಗಿ ಬರುವದು ಮಿರಜದ ಮೇಲಿಂದಲೇ. ಮೊದಲನೆಯ ಗಾಡಿಯಲ್ಲಿ ಹತ್ತು ಡಬ್ಬಿ, ಐದು ಲಕ್ಷ ಲೀಟರಿನಷ್ಟು. ಪತ್ರಿಕೆಗಳಲ್ಲಿ ದೊಡ್ಡ ಚಿತ್ರ ಬಂದವು. 2011ರ ಜನಗಣತಿಯಲ್ಲಿ ಲಾತೂರಿನ ಜನಸಂಖ್ಯೆ 3 ಲಕ್ಷ 80 ಸಾವಿರ ದಾಟಿತ್ತು. ಭಾಗಿಸಿ ನೋಡಿರಿ: ತಲೆಗೆ ಒಂದೂಕಾಲು ಲೀಟರು ಚಿಲ್ಲರೆ. ಮುಂದೆ ಐವತ್ತು ಡಬ್ಬಿಯ ಗಾಡಿ ಓಡಿತು. ಆಗಲೂ ತಲೆಗೆ ಆರೂವರೆ ಲೀಟರು, ಒಂದು ಸಣ್ಣ ಕೊಡ. ಮೂರು ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಯಿಂದ ಇಷ್ಟು ತಂದದ್ದು ಕಡಿಮೆ ಸಾಹಸವೇನಲ್ಲ, ರೈಲ್ವೆಯವರನ್ನು ಹೊಗಳಲೇಬೇಕು. ಆದರೆ ಬರಿದಾದ ಖಾತೆಯನ್ನು ಹೊರಗಿನಿಂದ ತಂದು ತುಂಬುವದೆಂದರೆ ಎಷ್ಟು ಕಷ್ಟವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲೆಕ್ಕ ಬೇಡ.

ಇನ್ನು ಲೆಕ್ಕ ಇಟ್ಟ ಊರಿನ ಮಾತು. ಪುಣೆಯಿಂದ ಅಹಮದನಗರದ ಕಡೆಗೆ, ಅಂದರೆ 2024ರಲ್ಲಿ ಹೆಸರು ಬದಲಾದ ಅಹಿಲ್ಯಾನಗರದ ಕಡೆಗೆ, ಸುಮಾರು ನೂರು ಕಿಲೋಮೀಟರಿನ ಮೇಲೆ ಹಿವರೆ ಬಜಾರ ಎಂಬ ಹಳ್ಳಿ ಇದೆ. ವಿಸ್ತಾರ ಒಂದು ಸಾವಿರ ಹೆಕ್ಟೇರಿಗೆ ಸ್ವಲ್ಪ ಕಡಿಮೆ, ಮಳೆ ಸರಾಸರಿ 400 ಮಿಲಿಮೀಟರಿನ ಹತ್ತಿರ. ಮೇಲಿನ ಲೆಕ್ಕಕ್ಕೆ ನಾವು ಇದೇ ಊರಿನ ಅಳತೆಯನ್ನು ಹಿಡಿದದ್ದು. 1972ರ ಬರಗಾಲದಲ್ಲಿ ಈ ಊರು ಮುರಿದುಬಿತ್ತು. ಗುಡ್ಡ ಬೋಳಾಯಿತು, ಬಾವಿ ಬತ್ತಿದವು. ದುಡಿಯುವ ಜನ ಪುಣೆ ಮುಂಬಯಿಗೆ ಹೊರಟರು, ಉಳಿದವರಲ್ಲಿ ಕುಡಿತ ಹೆಚ್ಚಿತು. ನಮ್ಮ ಊರುಗಳ ಕಥೆಯೇ ಅದು, ಹೆಸರು ಮಾತ್ರ ಬೇರೆ.

1989ರ ಸುಮಾರಿಗೆ ಪೋಪಟರಾವ ಪವಾರ ಎಂಬ ಎಂ.ಕಾಂ. ಓದಿದ ತರುಣರನ್ನು ಊರವರು ಸರಪಂಚರನ್ನಾಗಿ ಆರಿಸಿದರು. ವಾಣಿಜ್ಯ ಓದಿದವರು ಎಂಬುದನ್ನು ನಾವು ಸ್ವಲ್ಪ ಅಭಿಮಾನದಿಂದಲೇ ಹೇಳುತ್ತೇವೆ. ಗುಡ್ಡದ ಮೈಮೇಲೆ ಸಮಪಾತಳಿಯಲ್ಲಿ ಚರಿ ತೋಡಿದರು, ಹಳ್ಳಕ್ಕೆ ಒಡ್ಡು ಹಾಕಿದರು, ಇಂಗುಕೆರೆ ಕಟ್ಟಿದರು. ಕೂಲಿಗೆ ಸರಕಾರದ ಆದರ್ಶ ಗ್ರಾಮ ಯೋಜನೆಯ ಹಣವೂ ಇತ್ತು, ಊರವರ ಶ್ರಮದಾನವೂ ಇತ್ತು. ಇಷ್ಟನ್ನು ಎಷ್ಟೋ ಊರುಗಳಲ್ಲಿ ಮಾಡಿದ್ದಾರೆ. ಎಷ್ಟೋ ಊರುಗಳಲ್ಲಿ ಆ ಒಡ್ಡುಗಳಲ್ಲಿ ಈಗ ಬರೀ ಹೂಳು ಕೂತಿದೆ. ಹಿವರೆ ಬಜಾರದ ಹೆಚ್ಚಿನ ಗುಣವೆಂದರೆ ಜಮೆ ಹೆಚ್ಚಿಸಿದವರು ಖರ್ಚಿಗೂ ಕಟ್ಟು ಹಾಕಿದರು. ಮರ ಕಡಿಯಬಾರದು. ಗುಡ್ಡಕ್ಕೆ ದನ ಬಿಡಬಾರದು, ಹುಲ್ಲು ಬೇಕಾದವರು ಕುಡುಗೋಲಿನಿಂದ ಕೊಯ್ದು ಒಯ್ಯಬೇಕು. ಬೇಸಾಯಕ್ಕಾಗಿ ಬೋರು ಹೊಡೆಸಬಾರದು. ತೆರೆದ ಬಾವಿಯ ನೀರಿನಲ್ಲಿಯೇ ಬೆಳೆಯಬೇಕು. ಕಬ್ಬು ಬಾಳೆಗಳಂಥ ನೀರುಬಾಕ ಬೆಳೆಗಳು ಬೇಡ.

ಬೋರು ಬೇಡವೆಂದದ್ದರ ಮರ್ಮ ನಮಗೆ ಬಹಳ ಹಿಡಿಸಿತು. ತೆರೆದ ಬಾವಿಯೆಂದರೆ ಬಿಚ್ಚಿಟ್ಟ ಪಾಸುಪುಸ್ತಕ. ದಾರಿಯಲ್ಲಿ ಹೋಗುವವನು ಬಗ್ಗಿ ನೋಡಿದರೂ ಶಿಲ್ಕು ಎಷ್ಟೆಂದು ಕಾಣುತ್ತದೆ. ಬೋರಿನೊಳಗೆ ಏನಿದೆ ಎಂದು ಅದನ್ನು ಹೊಡೆಸಿದವನಿಗೂ ಕಾಣುವದಿಲ್ಲ. ಮೋಟರಿಗೆ ಗಾಳಿ ಹಿಡಿದ ದಿನವೇ ಗೊತ್ತಾಗುವದು.

ಮಳೆಗಾಲ ಮುಗಿದ ಮೇಲೆ ಆ ಊರಿನಲ್ಲಿ ಎಷ್ಟು ಮಳೆ ಬಂತು, ಗುರುತು ಹಾಕಿದ ಬಾವಿಗಳಲ್ಲಿ ಮಟ್ಟ ಎಷ್ಟಿದೆ ಎಂದು ಅಳೆಯುತ್ತಾರೆ. ಲೆಕ್ಕವನ್ನು ಗ್ರಾಮಸಭೆಯ ಮುಂದೆ ಇಡುತ್ತಾರೆ. ಜನರಿಗೆ, ದನಗಳಿಗೆ ಮೊದಲು ತೆಗೆದಿಟ್ಟು, ಉಳಿದ ನೀರಿಗೆ ತಕ್ಕಂತೆ ಹಿಂಗಾರಿಗೆ ಏನು ಬಿತ್ತಬೇಕು, ಬೇಸಿಗೆ ಬೆಳೆ ಇದೆಯೋ ಇಲ್ಲವೋ ಎಂದು ನಿಶ್ಚಯಿಸುತ್ತಾರೆ. ಮಳೆ ಕಡಿಮೆಯಾದ ವರ್ಷ ಬೇಸಿಗೆ ಬೆಳೆ ಬಿಡುತ್ತಾರೆ. ನಮ್ಮ ಕಚೇರಿಯಲ್ಲಿ ಬಜೆಟ್ಟು ಮಾಡುವ ಹಾಗೆಯೇ! ವ್ಯತ್ಯಾಸವೆಂದರೆ ಇಲ್ಲಿ ಹಾಜರಿರುವವರೆಲ್ಲ ಪಾಲುದಾರರು. ಹುಲ್ಲು ಬಂದದ್ದರಿಂದ ಹೈನು ಬಂತು. ತೊಂಬತ್ತರ ದಶಕದ ನಡುವೆ ದಿನಕ್ಕೆ 150 ಲೀಟರಿನಷ್ಟಿದ್ದ ಹಾಲು ಮುಂದೆ ಕೆಲವು ಸಾವಿರ ಲೀಟರಿಗೆ ಏರಿತು. ಬಿಟ್ಟು ಹೋದ ಹತ್ತಾರು ಮನೆಯವರು ತಿರುಗಿ ಬಂದು ಬೀಗ ತೆಗೆದರು. ಪವಾರರಿಗೆ 2020ರಲ್ಲಿ ಪದ್ಮಶ್ರೀ ಬಂತು. ಪದ್ಮಶ್ರೀಗಿಂತ ಆ ಬೀಗ ತೆಗೆದ ಮಾತೇ ಇಲ್ಲಿ ಕುಳಿತ ನಮಗೆ ಹೆಚ್ಚು ತಾಗುತ್ತದೆ.

ಒಬ್ಬ ಸರಪಂಚರ ಬಲದಿಂದ ಆದದ್ದು ಎಲ್ಲ ಕಡೆ ಆದೀತೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಇನ್ನೊಂದು ಉದಾಹರಣೆ, ಇದು ಇನ್ನೂ ಹತ್ತಿರದ್ದು. ನಮ್ಮ ಪುಣೆ ಜಿಲ್ಲೆಯ ಪುರಂದರ ತಾಲೂಕಿನ ನಾಯಗಾಂವ. 1972ರ ಬರಗಾಲದ ಕಾಲಕ್ಕೆ ಪುಣೆಯ ಉದ್ಯಮಿ, ಇಂಜಿನಿಯರ ವಿಲಾಸರಾವ ಸಾಳುಂಖೆಯವರು ಅಲ್ಲಿಗೆ ಹೋಗಿ, ದೇವಸ್ಥಾನದ ನಲವತ್ತು ಎಕರೆ ಬರಡು ನೆಲವನ್ನು ಗೇಣಿಗೆ ಹಿಡಿದು ಪ್ರಯೋಗ ನಡೆಸಿದರು. ಅದರಿಂದ ಪಾಣಿ ಪಂಚಾಯತ ಹುಟ್ಟಿತು. ಅದರ ನಿಯಮ ಕೇಳಿರಿ. ನೀರಿನ ಪಾಲು ಹೊಲದ ಎಕರೆಯ ಮೇಲಲ್ಲ, ಮನೆಯ ತಲೆಗಳ ಮೇಲೆ. ತಲೆಗೆ ಅರ್ಧ ಎಕರೆಗೆ ಆಗುವಷ್ಟು ನೀರು, ಒಂದು ಮನೆಗೆ ಎರಡೂವರೆ ಎಕರೆಗೆ ಮೀರಿ ಇಲ್ಲ. ಹೊಲವಿಲ್ಲದ ಕೂಲಿಯವನಿಗೂ ಪಾಲು ಉಂಟು. ಹೊಲ ಮಾರಿದರೆ ನೀರಿನ ಹಕ್ಕು ಅದರ ಕೂಡ ಹೋಗುವದಿಲ್ಲ. ಕಬ್ಬು ಇಲ್ಲ. ಯೋಜನೆಯ ಖರ್ಚಿನಲ್ಲಿ ಐದರಲ್ಲಿ ಒಂದು ಪಾಲನ್ನು ನೀರು ಪಡೆಯುವವರೇ ಹಾಕಬೇಕು. ಸಾಳುಂಖೆಯವರು 2002ರಲ್ಲಿ ತೀರಿಕೊಂಡರು. ನಮ್ಮಲ್ಲಿ ಊರಿನಲ್ಲಿ ಒಂದು ತುಂಡು ಹೊಲವೂ ಇಲ್ಲದವರು ಅನೇಕರು; 'ನೀರಿನ ಮಾತು ಹೊಲವುಳ್ಳವರದು, ನಮಗೇನು' ಎಂದು ಹಿಂದಿನ ಸಾಲಿನಲ್ಲಿ ಗುಸುಗುಸು ನಡೆದದ್ದು ನಮಗೂ ಕೇಳಿಸಿತು. ಅವರು ಈ ನಿಯಮವನ್ನು ಮತ್ತೊಮ್ಮೆ ಓದಿಕೊಳ್ಳಬೇಕು.

ನಮ್ಮ ಊರುಗಳಿಗೆ ತಿರುಗೋಣ. ವಿಜಯಪುರ, ಬಾಗಲಕೋಟೆ, ಕೊಪ್ಪಳ ಜಿಲ್ಲೆಗಳಲ್ಲಿ ವರ್ಷದ ಸರಾಸರಿ ಮಳೆ 600 ಮಿಲಿಮೀಟರಿನ ಆಸುಪಾಸು. ಹಿವರೆ ಬಜಾರಕ್ಕಿಂತ ಕಡಿಮೆಯೇನಲ್ಲ, ಒಂದೂವರೆ ಪಟ್ಟು. ಮಳೆರಾಯನ ಮೇಲೆ ತಪ್ಪು ಹೊರಿಸಿ ಪಾರಾಗಲು ಇದರಿಂದ ದಾರಿ ಇಲ್ಲ. ನಮ್ಮ ಹಿರಿಯರಿಗೆ ನೀರಿನ ಲೆಕ್ಕ ಬರುತ್ತಿರಲಿಲ್ಲವೆಂದೂ ಅಲ್ಲ. ಆದಿಲಶಾಹಿಗಳ ವಿಜಾಪುರ ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ತಂದಿತು. 1651ರಲ್ಲಿ ಮಹಮ್ಮದ ಆದಿಲಶಹನ ಕಾಲಕ್ಕೆ ಬೇಗಂ ತಲಾಬು ಕಟ್ಟಿದರು. ಅಲ್ಲಿಂದ ಕೊಳವೆಯಲ್ಲಿ ಬರುವ ನೀರಿನ ಒತ್ತಡ ತಗ್ಗಿಸಲು ದಾರಿಯಲ್ಲಿ ಗಂಜುಗಳೆಂಬ ಗೋಪುರ ಎಬ್ಬಿಸಿದರು. ತಾಜ ಬಾವಡಿಯನ್ನು ನಾವೆಲ್ಲ ನೋಡಿದ್ದೇವೆ. ಎರೆ ಹೊಲಕ್ಕೆ ಒಡ್ಡು ಹಾಕಿ, ಮಳೆ ಹಸಿಯನ್ನು ಹಿಡಿದು, ಒಂದು ಹನಿ ಬಾವಿ ನೀರಿಲ್ಲದೆ ಬಿಳಿಜೋಳ ಬೆಳೆದ ಅಜ್ಜಂದಿರು ಯಾರ ಮನೆಯಲ್ಲಿ ಇರಲಿಲ್ಲ?

ಈಗ ಆಲಮಟ್ಟಿಯಿಂದ ಕೃಷ್ಣೆಯ ನೀರನ್ನು ಎತ್ತಿ ವಿಜಯಪುರದ ಕಡೆ ಕೆರೆ ತುಂಬಿಸುತ್ತಿದ್ದಾರೆ. ಕೆರೆ ತುಂಬಿದರೆ ಸುತ್ತಲಿನ ಬಾವಿಗೂ ಜೀವ ಬರುತ್ತದೆ. ಒಳ್ಳೆಯ ಕೆಲಸ. ಆದರೆ ತುಂಬಿದ ಕೆರೆಯನ್ನು ಕಂಡ ಕೂಡಲೇ ಸುತ್ತ ಕಬ್ಬು ಏಳುವದನ್ನೂ ನಾವು ಕಂಡಿದ್ದೇವೆ. ಹನಿ ನೀರಾವರಿಯ ವಿಷಯವೂ ಅಷ್ಟೇ. ಹನಿ ಕೊಳವೆ ಹಾಕಿ ಎರಡು ಎಕರೆಯ ನೀರನ್ನು ಒಂದೂಕಾಲು ಎಕರೆಯಷ್ಟರಲ್ಲಿ ಮುಗಿಸಿದರೆ ಉಳಿತಾಯ. ಉಳಿದದ್ದನ್ನು ಇನ್ನೊಂದು ಎಕರೆಗೆ ಹರಿಸಿದರೆ ಊರಿನ ಖಾತೆಗೆ ಏನೂ ಉಳಿಯಲಿಲ್ಲ. ಅಂಗಡಿಯವರು ಈ ಎರಡನೆಯ ಮಾತು ಹೇಳುವದಿಲ್ಲ.

'ಉಳಿದವರೆಲ್ಲ ಬೋರು ಹೊಡೆಸುವಾಗ ನಮ್ಮ ತಮ್ಮನೊಬ್ಬ ಸುಮ್ಮನಿದ್ದರೆ ಅವನ ಪಾಲೂ ಅವರೇ ಎತ್ತುತ್ತಾರೆ' ಎಂಬ ಆಕ್ಷೇಪಣೆ ಬಹಳ ಗಟ್ಟಿಯಾದದ್ದು. ಒಬ್ಬನೇ ಸಂಯಮ ಮಾಡಿದರೆ ನಷ್ಟ ಅವನೊಬ್ಬನಿಗೆ, ಇದು ನಿಜ. ಆದುದರಿಂದಲೇ ಇದು ಗ್ರಾಮಸಭೆಯ ಕೆಲಸ. ಕಾಯದೆಯೂ ಸ್ವಲ್ಪ ಬೆನ್ನಿಗಿದೆ. ಕರ್ನಾಟಕದ ಅಂತರ್ಜಲ ಕಾಯದೆ 2011ರದು. ಸರಕಾರ ಅಧಿಸೂಚಿಸಿದ ತಾಲೂಕುಗಳಲ್ಲಿ ಅನುಮತಿ ಇಲ್ಲದೆ ಬೋರು ಹೊಡೆಸುವಂತಿಲ್ಲ. ಕೇಂದ್ರ ಸರಕಾರ 2019ರ ಡಿಸೆಂಬರಿನಲ್ಲಿ ಆರಂಭಿಸಿದ ಅಟಲ್ ಭೂಜಲ ಯೋಜನೆಯಲ್ಲಿ ಕರ್ನಾಟಕ, ಮಹಾರಾಷ್ಟ್ರ ಸೇರಿ ಏಳು ರಾಜ್ಯಗಳ ಆಯ್ದ ಪಂಚಾಯತಿಗಳಿಂದ ನೀರಿನ ಆಯವ್ಯಯ ಬರೆಸಿದರು. ನಿಮ್ಮ ಪಂಚಾಯತಿ ಅದರಲ್ಲಿದ್ದರೆ ಆ ಕಾಗದ ಅಲ್ಲಿಯ ಕಪಾಟಿನಲ್ಲಿ ಇರಬೇಕು. ಅದನ್ನು ಕೇಳಿ ತೆಗೆಸಿ ಗ್ರಾಮಸಭೆಯಲ್ಲಿ ಓದಿಸುವದಕ್ಕೆ ಪಟ್ಟಣದಲ್ಲಿ ದುಡಿಯುವ ಮಗನ ಮಾತಿಗೆ ಊರಿನಲ್ಲಿ ಇನ್ನೂ ಸ್ವಲ್ಪ ತೂಕ ಇದೆ, ರೊಕ್ಕ ಅವನದಲ್ಲವೆ!

ಬತ್ತಿದ ಬೋರಿನ ವಿಷಯ ಒಂದು ಮಾತು. 2024ರ ಏಪ್ರಿಲಿನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಎರಡು ವರ್ಷದ ಮಗು ಬೋರಿನೊಳಗೆ ಬಿದ್ದು, ಸುಮಾರು ಇಪ್ಪತ್ತು ಗಂಟೆಯ ಮೇಲೆ ದೈವವಶಾತ್ ಜೀವಂತ ಹೊರಗೆ ಬಂತು. ಎಲ್ಲ ಮಕ್ಕಳಿಗೂ ಆ ದೈವ ಇರಲಿಲ್ಲ. ಇಂದು ರಾತ್ರಿಯೇ ಊರಿಗೆ ಫೋನು ಮಾಡಿ, ನಮ್ಮ ಹೊಲದ ಹಳೆಯ ಬೋರಿಗೆ ಮುಚ್ಚಳ ಇದೆಯೇ ಎಂದು ಕೇಳಿರಿ. ಕಬ್ಬಿಣದ ಮುಚ್ಚಳಕ್ಕೆ ರೊಕ್ಕ ಬೇಕೆಂದರೆ ಸಹಾಯನಿಧಿಯಿಂದ ಅರ್ಜಿ ಇಲ್ಲದೆಯೇ ಕೊಡಲು ಮಂಡಳಿಯವರು ಒಪ್ಪಿದ್ದಾರೆ.

ಪುಣೆಯಲ್ಲಿರುವ ನಮ್ಮ ಖರ್ಚಿನ ಮಾತನ್ನು ಬಿಟ್ಟರೆ ಸರಿಯಾಗದು. ನಮ್ಮ ನಲ್ಲಿಗೆ ಖಡಕವಾಸಲಾ, ಪಾನಶೆತ, ವರಸಗಾಂವ, ಟೇಮಘರ ಈ ನಾಲ್ಕು ಧರಣಗಳ ನೀರು ಬರುತ್ತದೆ. ಅದೇ ನೀರು ಕಾಲುವೆಯಲ್ಲಿ ದೌಂಡ, ಇಂದಾಪುರದ ರೈತರಿಗೂ ಹೋಗಬೇಕು. ಚಾಳಿನಲ್ಲಿ ಸರತಿಗೆ ನಿಂತು ಕೊಡ ತುಂಬುವವರಿಗೆ ನೀರು ಉಳಿಸಿರೆಂದು ಉಪದೇಶ ಮಾಡುವದು ನಾಚಿಕೆಗೇಡು. ಅದನ್ನು ನಾವು ಮಾಡುವದಿಲ್ಲ. ಆದರೆ ನಿಮ್ಮ ಚಾಳಿನ, ಕಾರಖಾನೆಯ ಸೋರುವ ನಲ್ಲಿಯ ಕೆಳಗೆ ಒಂದು ರಾತ್ರಿ ಬಕೀಟು ಇಟ್ಟು ನೋಡಿರಿ. ವಾಚನಾಲಯದ ಹಿಂದಿನ ನಲ್ಲಿಯ ಕೆಳಗೆ ನಾವು ಇಟ್ಟಿದ್ದೆವು. ಮುಂಜಾನೆಗೆ ಬಕೀಟು ತುಂಬಿ ಹೊರಚೆಲ್ಲುತ್ತಿತ್ತು. ಒಳಗಿನ ರಬ್ಬರಿನ ಬಿಲ್ಲೆ ಸವೆದಿತ್ತು. ಹೊಸದಕ್ಕೆ ಹತ್ತು ರೂಪಾಯಿ ಬಿತ್ತು, ಅದನ್ನು ಕಿರ್ದಿಯಲ್ಲಿ ಬರೆದಿದ್ದೇವೆ.

ಕೊನೆಯದಾಗಿ ಒಂದು ಸೂಚನೆ. ಇದಕ್ಕೆ ಮಂಡಳಿಯ ಒಪ್ಪಿಗೆ ಆಗಿದೆ. ಮುಂದಿನ ರವಿವಾರದಿಂದ ದಿನಪತ್ರಿಕೆಗಳ ಮೇಜಿನ ಮೇಲೆ 'ಊರ ನೀರಿನ ಖಾತೆ' ಎಂಬ ಗೆರೆ ಹೊಡೆದ ಒಂದು ರಜಿಸ್ಟರು ಇಡುತ್ತೇವೆ. ಊರಿಗೊಂದು ಪುಟ. ದೀಪಾವಳಿಗೋ ಜಾತ್ರೆಗೋ ಊರಿಗೆ ಹೋದವರು ಬರುವಾಗ ಇಷ್ಟು ತಿಳಿದುಕೊಂಡು ಬರಬೇಕು: ಊರಿನ ಒಟ್ಟು ಎಕರೆ ಎಷ್ಟು, ಇದು ತಲಾಟಿಯವರ ಹತ್ತಿರ ಸಿಗುತ್ತದೆ, ಈ ವರ್ಷ ಮಳೆ ಎಷ್ಟು ಮಿಲಿಮೀಟರು, ಇದು ರೈತ ಸಂಪರ್ಕ ಕೇಂದ್ರದಲ್ಲಿ, ಚಾಲೂ ಇರುವ ಬಾವಿ ಬೋರು ಎಷ್ಟು, ಬತ್ತಿದವೆಷ್ಟು, ಕಬ್ಬು ಎಷ್ಟು ಎಕರೆ, ಮತ್ತು ಒಂದು ತೆರೆದ ಬಾವಿಯಲ್ಲಿ ಕಟ್ಟೆಯಿಂದ ನೀರಿನವರೆಗೆ ಎಷ್ಟು ಫೂಟು. ಕಡೆಯದಕ್ಕೆ ಹಗ್ಗವೊಂದು ಕಲ್ಲೊಂದು ಸಾಕು. ಗುಣಾಕಾರ ಭಾಗಾಕಾರ ನಾವು ಮಾಡಿಕೊಡುತ್ತೇವೆ. ರವಿವಾರ ಹತ್ತರಿಂದ ಹನ್ನೆರಡರವರೆಗೆ ಕಿಡಕಿಯ ಬದಿಯ ಕುರ್ಚಿಯಲ್ಲಿ ಕುಳಿತಿರುತ್ತೇವೆ. ಲೆಕ್ಕದ ಒಂದು ಪ್ರತಿಯನ್ನು ನೀವು ಊರಿಗೆ ಕಳಿಸಿರಿ. ಬೋರಿಗಾಗಿ ಸಹಾಯನಿಧಿಗೆ ಅರ್ಜಿ ಹಾಕುವವರು ಇನ್ನು ಮುಂದೆ ಆ ಪುಟವನ್ನು ತುಂಬಿ ಅರ್ಜಿಗೆ ಹಚ್ಚಬೇಕೆಂದು ಮಂಡಳಿ ಕೇಳಿಕೊಂಡಿದೆ. ಪುಟ ಖಾಲಿ ಇದ್ದ ಮಾತ್ರಕ್ಕೆ ಅರ್ಜಿಯನ್ನು ತಿರುಗಿಸುವದಿಲ್ಲ, ಆದರೆ ಓದಿ ಹೇಳುವಾಗ ಖಾಲಿ ಎಂದು ಗಟ್ಟಿಯಾಗಿ ಓದುತ್ತೇವೆ.

ರಜಿಸ್ಟರಿನ ಮೊದಲನೆಯ ಪುಟದಲ್ಲಿ ನಮ್ಮ ಊರಿನದನ್ನು ಬರೆದಿದ್ದೇವೆ. ಬಾವಿಯ ಮಟ್ಟದ ಕಲಮು ಮಾತ್ರ ಬಾಕಿ ಇದೆ. ಹಗ್ಗ ಕೊಂಡಿದ್ದೇವೆ, ಸಂಕ್ರಾಂತಿಗೆ ಹೋಗುವವರಿದ್ದೇವೆ.